ಆರು ಪರ್ಸೆಂಟಿಗೆ ಅರವತ್ತರ ಶಾಂತಿ

ದೇಶದ ವರಮಾನದಲ್ಲಿ ನೂರಕ್ಕೆ ಆರು ರೂಪಾಯಿ ಶಿಕ್ಷಣಕ್ಕೆ ಎಂಬ ಭರವಸೆಗೆ 2026ರಲ್ಲಿ ಅರವತ್ತು ತುಂಬುತ್ತದೆ. 1966ರಲ್ಲಿ ದೌಲತ್ ಸಿಂಗ್ ಕೊಠಾರಿ ಆಯೋಗದ ವರದಿಯಲ್ಲಿ ಹುಟ್ಟಿದ ಕೂಸು ಇದು. 1968ರ ಶಿಕ್ಷಣ ನೀತಿ ಎತ್ತಿ ಆಡಿಸಿತು, 1986ರ ನೀತಿ ಮುದ್ದಿಸಿತು, 2020ರ ನೀತಿ ‘ಆದಷ್ಟು ಬೇಗ’ ಎಂದು ಕೆನ್ನೆ ಚಿವುಟಿತು. ಇಷ್ಟು ಅಕ್ಕರೆಯಲ್ಲಿ ಬೆಳೆದರೂ ಬೆಳವಣಿಗೆ ಮಾತ್ರ ಕುಂಠಿತ. 2017–18ರಲ್ಲಿ 4.43 ಇತ್ತೆಂದು 2020ರ ನೀತಿಯೇ ಬರೆದುಕೊಂಡಿದೆ. ಸರ್ಕಾರಿ ನೌಕರನಾಗಿದ್ದರೆ ಈಗ ಹಾರ ಹಾಕಿ ನಿವೃತ್ತಿ ಕೊಡಬಹುದಿತ್ತು. ಆದರೆ ಕೆಲಸಕ್ಕೇ ಹಾಜರಾಗದವರನ್ನು ನಿವೃತ್ತಿಗೊಳಿಸಲು ನಿಯಮದಲ್ಲಿ ಅವಕಾಶವಿಲ್ಲವಂತೆ. ಹಾಗಾಗಿ ಶಾಂತಿ ಮಾಡಿಸುವುದೇ ಸರಿ.

ತಮ್ಮನೂ ಒಬ್ಬನಿದ್ದಾನೆ. 2025ರೊಳಗೆ ಆರೋಗ್ಯಕ್ಕೆ ಎರಡೂವರೆ ಪರ್ಸೆಂಟ್ ಎಂದು 2017ರ ಆರೋಗ್ಯ ನೀತಿಯಲ್ಲಿ ಜನಿಸಿದವನು. ಗಡುವು ಮುಗಿಯಿತು. ಅವನು ಎರಡರ ಹೊಸ್ತಿಲಲ್ಲೇ ಕೂತಿದ್ದಾನೆ.

ಇದನ್ನೆಲ್ಲ ‘ಕಡಿತ’ ಎನ್ನುವವರಿಗೆ ಹಣಕಾಸು ಇಲಾಖೆಯ ಕೈಚಳಕ ಗೊತ್ತಿಲ್ಲ. ಬಜೆಟ್ ಭಾಷಣದಲ್ಲಿ ಆ ಪದವೇ ಬರುವುದಿಲ್ಲ. ಬರುವುದು ಘೋಷಣೆ, ಆಮೇಲೆ ಮೇಜು ಕುಟ್ಟುವ ಸದ್ದು. ಮರುವರ್ಷ ಪರಿಷ್ಕೃತ ಅಂದಾಜಿನ ಕಾಲಂನಲ್ಲಿ ಅದೇ ಮೊತ್ತ ಸದ್ದಿಲ್ಲದೆ ಕೆಳಗಿಳಿದಿರುತ್ತದೆ, ಆಗ ಯಾರೂ ಮೇಜು ಕುಟ್ಟುವುದಿಲ್ಲ. ಹಣವನ್ನು ವರ್ಷದ ಕೊನೆಗೆ ಬಿಡುಗಡೆ ಮಾಡಿ, ‘ಖರ್ಚು ಮಾಡುವ ಯೋಗ್ಯತೆಯೇ ಇಲಾಖೆಗಿಲ್ಲ’ ಎಂದು ಮುಂದಿನ ವರ್ಷ ಇನ್ನಷ್ಟು ಇಳಿಸಬಹುದು. ಶಾಲೆಯ ವಿಷಯದಲ್ಲಂತೂ ಏನನ್ನೂ ಕತ್ತರಿಸಬೇಕಾಗಿಲ್ಲ. ನಿವೃತ್ತರಾದ ಮೇಷ್ಟ್ರ ಜಾಗಕ್ಕೆ ಇನ್ನೊಬ್ಬರನ್ನು ಹಾಕದಿದ್ದರೆ ಸಾಕು. ಐದು ತರಗತಿಗೆ ಒಬ್ಬರೇ ಉಳಿಯುತ್ತಾರೆ, ಅವರೂ ಗಣತಿಗೆ ಹೋಗುತ್ತಾರೆ. ಅಪ್ಪ–ಅಮ್ಮ ಸಾಲ ಮಾಡಿಯಾದರೂ ಮಗುವನ್ನು ಹಳದಿ ಬಸ್ಸು ಹತ್ತಿಸುತ್ತಾರೆ. ಆಗ ಅಧಿಕಾರಿ ಬಂದು ತಲೆ ಎಣಿಸಿ, ‘ಅಯ್ಯೋ, ಮಕ್ಕಳೇ ಇಲ್ಲವಲ್ಲ’ ಎಂದು ಮರುಗಿ ಶಾಲೆಯನ್ನು ಪಕ್ಕದೂರಿಗೆ ವಿಲೀನ ಮಾಡುತ್ತಾರೆ. ಮುಚ್ಚಿದರು ಎನ್ನಬೇಡಿ, ಅವರಿಗೆ ಬೇಸರವಾಗುತ್ತದೆ.

ಖರ್ಚು ಕೇಳಲು ಎಲ್ಲಿಗೆ ಹೋಗಬೇಕು ಎಂಬುದೂ ಸುಲಭದ ಪ್ರಶ್ನೆಯಲ್ಲ. 2015–16ರ ಕೇಂದ್ರ ಬಜೆಟ್‌ನಲ್ಲಿ ಅಂಗನವಾಡಿ ಯೋಜನೆಯ ಹಣ ಅರ್ಧಕ್ಕಿಂತ ಕೆಳಗಿಳಿದಾಗ, ಹಣಕಾಸು ಆಯೋಗ ರಾಜ್ಯಗಳ ಪಾಲು ಹೆಚ್ಚಿಸಿದೆ, ಅಲ್ಲಿ ಕೇಳಿ ಎಂದರು. ಬೆಂಗಳೂರಿನಲ್ಲಿ ಕೇಳಿದರೆ ದಿಲ್ಲಿಯತ್ತ ಕೈ ತೋರಿಸುತ್ತಾರೆ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಕಳೆದ ಮೇಲೆ ತಿಂಗಳಿಗೆ ಹತ್ತು ಸಾವಿರದ ಭರವಸೆ ಸಿಕ್ಕಿತು. ಭರವಸೆಗಳ ಆಯುಸ್ಸು ನಮ್ಮಲ್ಲಿ ಗಟ್ಟಿ, ಆತಂಕ ಬೇಡ. ಅದೇ ವರ್ಷ ವಿಜಯಪುರದವರು ವೈದ್ಯಕೀಯ ಕಾಲೇಜು ಖಾಸಗಿ ಸಹಭಾಗಿತ್ವದಲ್ಲಿ ಬೇಡ, ಸರ್ಕಾರವೇ ಕಟ್ಟಲಿ ಎಂದು ಧರಣಿ ಕೂತರು. ಎಂಥ ದುರಾಸೆ!

ದುಡ್ಡೇ ಇಲ್ಲ ಎನ್ನುವುದು ಮಾತ್ರ ಅಪಪ್ರಚಾರ. 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ತೆರಿಗೆ ಇಳಿಸಿದಾಗ, ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಬೊಕ್ಕಸಕ್ಕೆ ಬರುವುದಿಲ್ಲ ಎಂದು ಹಣಕಾಸು ಸಚಿವೆಯೇ ಹೇಳಿದರು. ಆ ಕಂಪನಿಗಳಿಂದ ಯಾರೂ ಬಳಕೆ ಪ್ರಮಾಣಪತ್ರ ಕೇಳಿದಂತಿಲ್ಲ.

ಇನ್ನು ಶಾಂತಿಯ ಏರ್ಪಾಡು. ಮುಯ್ಯಿಯನ್ನು ನಾವು ಮುಂಗಡವಾಗಿಯೇ ಕೊಡುತ್ತಿದ್ದೇವೆ: ಆದಾಯ ತೆರಿಗೆಯ ಮೇಲೆ ಶಿಕ್ಷಣ–ಆರೋಗ್ಯದ ಹೆಸರಿನ ಸೆಸ್, 2018ರಿಂದ ನೂರಕ್ಕೆ ನಾಲ್ಕು, ರಾಜ್ಯಗಳಿಗೆ ಅದರಲ್ಲಿ ಪಾಲಿಲ್ಲ. ಅಡುಗೆಗೆ ಬಿಸಿಯೂಟದ ಅಕ್ಕಂದಿರು ಬರುತ್ತಾರೆ. ಕೇಂದ್ರದ ಲೆಕ್ಕದಲ್ಲಿ ಅವರ ಗೌರವಧನ 2009ರಿಂದಲೂ ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು. ಉಳಿದೆರಡು ತಿಂಗಳು ಅವರಿಗೆ ಹಸಿವಾಗುವುದಿಲ್ಲ ಎಂದು ಯಾರೋ ತಜ್ಞರು ಕಂಡುಕೊಂಡಿರಬೇಕು. ಮುಹೂರ್ತ ಮಾರ್ಚ್ 31ರ ಸಂಜೆ. ಊಟದ ಹಣದ ಮೊದಲ ಕಂತು ಮಂಜೂರಾಗಿದೆ. ಎರಡನೆಯದು, ಉಂಡವರ ಫೋಟೊ ಅಪ್‌ಲೋಡ್ ಆದ ಮೇಲೆ.