ಸಾಲಗುಂದದ ಸೈಬರಣ್ಣ

ಸಿಂಧನೂರು ಸೀಮೆಯಲ್ಲಿ ಏಪ್ರಿಲ್ ಬಂತೆಂದರೆ ಬಿಸಿಲು ನಲವತ್ತು ದಾಟುತ್ತದೆ. ನೀರಿಗಿಳಿದ ಎಮ್ಮೆ ಸಂಜೆತನಕ ಮೇಲೇಳುವುದಿಲ್ಲ. ಅಂಥ ಮಟಮಟ ಮಧ್ಯಾಹ್ನ ಸಾಲಗುಂದದ ಬಸ್‌ಸ್ಟ್ಯಾಂಡಿನಲ್ಲಿ ದಪ್ಪನೆಯ ಕಪ್ಪು ಹೂಡಿ ತೊಟ್ಟು, ಅದರ ಟೊಪ್ಪಿಗೆಯನ್ನು ಹುಬ್ಬಿನತನಕ ಎಳೆದುಕೊಂಡು, ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡ ಒಬ್ಬ ನಿಂತಿದ್ದರೆ, ಪಾಪ ಚಳಿಜ್ವರ ಬಂದವನೆಂದು ಗುಳಿಗೆ ಕೊಡಲು ಹೋಗಬೇಡಿ. ಅವನೇ ಸೈಬರಣ್ಣ. ಹೂಡಿ ಅವನ ಹೊಸ ಉದ್ಯೋಗದ ಸಮವಸ್ತ್ರ. ಉದ್ಯೋಗ ಬರುವ ಮೊದಲೇ ಸಮವಸ್ತ್ರ ಬಂದಿತ್ತು.

ಅವ್ವ ಇಟ್ಟ ಹೆಸರು ಬೇರೆ ಇದೆ. ಅದು ರೇಷನ್ ಕಾರ್ಡಿನಲ್ಲಿ ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ, ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡಿನಲ್ಲಿ ಮೂರನೇ ಥರ ಇರುವುದರಿಂದ ಊರೇ ಕೂಡಿ ಸೈಬರಣ್ಣ ಎಂದು ಒಂದೇ ಹೆಸರಿಗೆ ತಂದಿದೆ. ಸಾಲಗುಂದದವರು ಸಿಟ್ಟಾಗಬಾರದು. ಮಸ್ಕಿಯಲ್ಲೂ ಇವನಿದ್ದಾನೆ, ಲಿಂಗಸೂಗೂರಿನಲ್ಲಿ ಓಣಿಗೊಬ್ಬ ಇದ್ದಾನೆ.

ಇವನ ಹಿಂದಿನ ಅವತಾರಗಳನ್ನು ಹೇಳದಿದ್ದರೆ ಈ ಅವತಾರ ತಿಳಿಯುವುದಿಲ್ಲ. ಬಿಎ ಮುಗಿಸಿ ಪಿಎಸ್‌ಐ ಆಗಬೇಕೆಂದು ಧಾರವಾಡದಲ್ಲಿ ರೂಮು ಮಾಡಿದ. ಸಂವಿಧಾನದ 371 ಜೆ ಇದೆ, ನಮ್ಮ ಭಾಗದವರಿಗೆ ಮೀಸಲಿದೆ, ಆಗಿಯೇ ಆಗುತ್ತದೆ ಎಂದು ಮನೆಮಂದಿ ನಂಬಿದ್ದರು. 545 ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ಬರೆದ. ಕೆಲವರು ಬ್ಲೂಟೂತ್‌ನಲ್ಲಿ ಉತ್ತರ ಕೇಳಿಸಿಕೊಂಡದ್ದು, ಓಎಂಆರ್ ಹಾಳೆ ತಿದ್ದಿಸಿದ್ದು ಬಯಲಾಗಿ 2022ರ ಏಪ್ರಿಲಿನಲ್ಲಿ ಆ ಪರೀಕ್ಷೆಯೇ ರದ್ದಾಯಿತು. ಮರುಪರೀಕ್ಷೆ ನಡೆಯುವಷ್ಟರಲ್ಲಿ 2024ರ ಜನವರಿ ಬಂದಿತ್ತು, ಇವನ ನೆತ್ತಿಯ ಕೂದಲು ಹೋಗಿತ್ತು. ನಡುವೆ ಎಣ್ಣೆ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆದ. ಶೇರು ಮಾರ್ಕೆಟ್ ಎಂದ, ಆ ವರ್ಷದ ಭತ್ತದ ರೊಕ್ಕದಲ್ಲಿ ಒಂದಿಷ್ಟು ಅಲ್ಲಿಗೆ ಹೋಗಿ ತಿರುಗಿ ಬರಲಿಲ್ಲ. ಕಡೆಗೆ ಒಂದು ರಾತ್ರಿ ಅವನಿಗೆ ಹೊಳೆಯಿತು. ಸಂವಿಧಾನದ ಕಲಮು ಬಾಯಿಪಾಠ ಮಾಡಿದವನು ಮನೆಗೆ ಬಂದ, ಕಿವಿಯೊಳಗೆ ಯಂತ್ರ ಇಟ್ಟುಕೊಂಡವನು ಪೇಪರಿನಲ್ಲಿ ಬಂದ. ಹಾಗಾದರೆ ಮುಂದಿನ ಕಾಲ ಯಂತ್ರ ಹಿಡಿಯುವವನದು!

ನಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಅಲ್ಲಿನ ಅಮೀರ್‌ಪೇಟೆಯಲ್ಲಿ ಕಟ್ಟಡದ ಗೋಡೆ ಕಾಣದಷ್ಟು ಕೋಚಿಂಗ್ ಬೋರ್ಡುಗಳು. ಪೈಥಾನ್, ಕ್ಲೌಡ್, ಡೇಟಾ, ಈಗ ಎಲ್ಲದರ ಮೇಲೆ ಸೈಬರ್ ಸೆಕ್ಯುರಿಟಿ. ಒಂದು ಸಂಸ್ಥೆ ಎರಡೇ ತಿಂಗಳಲ್ಲಿ ಎಥಿಕಲ್ ಹ್ಯಾಕರ್ ಮಾಡಿ ಕಳಿಸುತ್ತೇವೆ, ನೌಕರಿ ಗ್ಯಾರಂಟಿ ಎಂದಿತು.

"ಗ್ಯಾರಂಟಿ ಅಂತ ಸ್ಟಾಂಪ್ ಪೇಪರ್ ಮ್ಯಾಲ ಬರದು ಕೊಡ್ತಾರೇನು?" ಅಂದ ಅಪ್ಪ.

"ಈಗ ಯಾರು ಸ್ಟಾಂಪ್ ಪೇಪರ್ ಕೇಳ್ತಾರಪ್ಪಾ, ಎಲ್ಲಾ ಮೇಲ್‌ನ್ಯಾಗ ಬರ್ತೈತಿ" ಅಂದ ಮಗ. ಫೀಸು ಮಾತ್ರ ಮೇಲ್‌ನಲ್ಲಿ ತಗೊಳ್ಳಲಿಲ್ಲ, ಕೈಯಲ್ಲಿ ಎಣಿಸಿ ತಗೊಂಡರು. ಬದಲಿಗೆ ಬಂಗಾರದ ಅಂಚಿನ ಒಂದು ಸರ್ಟಿಫಿಕೇಟು ಬಂತು. ಅದು ಈಗ ಮನೆಯ ಪಡಸಾಲೆಯಲ್ಲಿ ದೇವರ ಫೋಟೋಗಳ ಸಾಲಿನಲ್ಲಿದೆ. ಅವ್ವ ದಿನಾ ಅದಕ್ಕೂ ಊದಿನಕಡ್ಡಿ ಬೆಳಗುತ್ತಾಳೆ.

ಊರಿಗೆ ಬಂದವನು ಲ್ಯಾಪ್‌ಟಾಪಿಗೆ ಹ್ಯಾಕಿಂಗ್ ಸಲಕರಣೆಗಳಿರುವ ಕಾಲಿ ಲಿನಕ್ಸ್ ಹಾಕಿಕೊಂಡ. ಕಪ್ಪು ಪರದೆ, ಮೇಲೆ ಅಕ್ಷರಗಳ ಓಟ. ಓಣಿಯ ಹುಡುಗರು ಕಿಟಕಿಯಿಂದ ಇಣುಕಿ ನೋಡಿ, ಅಣ್ಣ ಬ್ಯಾಂಕ್ ಒಡೆಯಾಕತ್ಯಾನ ಎಂದು ಸುದ್ದಿ ಹಬ್ಬಿಸಿದರು. ಅವನು ಒಡೆಯುತ್ತಿದ್ದದ್ದು ಸ್ವಂತ ಮನೆಯ ವೈಫೈ. ಎನ್‌ಮ್ಯಾಪ್ ಎಂಬ ಸಲಕರಣೆ ಓಡಿಸಿ ಮನೆಯ ನೆಟ್‌ವರ್ಕಿಗೆ ಯಾರ್‍ಯಾರು ಅಂಟಿಕೊಂಡಿದ್ದಾರೆಂದು ನೋಡಿದ. ತನ್ನ ಲ್ಯಾಪ್‌ಟಾಪು, ತಂಗಿಯ ಫೋನು, ಟೀವಿ, ಜತೆಗೆ ಒಂದು ಅಪರಿಚಿತ ಸಾಧನ! ಸೈಬರಣ್ಣನ ಮೈ ಜುಮ್ಮೆಂದಿತು. ಚೀನಾ ಇರಬಹುದೆ, ಉತ್ತರ ಕೊರಿಯಾ ಇರಬಹುದೆ ಎಂದು ಅರ್ಧ ರಾತ್ರಿ ತನಿಖೆ ಮಾಡಿದ. ಬೆಳಿಗ್ಗೆ ಅವ್ವನೇ ಪ್ರಕರಣ ಬಗೆಹರಿಸಿದಳು.

"ಅದಾ? ಬಾಜೂ ಮನಿ ಹುಡುಗಿದೆಪ್ಪ. ಪರೀಕ್ಷಾ ಐತಿ ಅಂತ ಪಾಸ್‌ವರ್ಡ್ ಕೇಳಿದ್ಲು, ಕೊಟ್ಟೆ."

"ಪಾಸ್‌ವರ್ಡ್ ಯಾರಿಗೂ ಕೊಡಬಾರದಬೇ!"

"ಕೊಡಬಾರದು ಅನ್ನಾಕ ಅದೇನು ನಮ್ಮ ಬಂಗಾರೇನು?"

ಪಾಸ್‌ವರ್ಡ್ ಬದಲಿಸಿದ. ಸಂಜೆಯೊಳಗೆ ಹೊಸದೂ ಓಣಿಗೆಲ್ಲ ಗೊತ್ತಾಯಿತು. ದೊಡ್ಡ ದೊಡ್ಡ ಕಂಪನಿಗಳಿಗೆ ಕನ್ನ ಹಾಕಿದ ಎಷ್ಟೋ ಮಂದಿ ಒಳಗೆ ಹೋದದ್ದು ಹೀಗೆಯೇ, ಕೇಳಿ ಇಸಕೊಂಡು. ಈ ಪಾಠ ಅಮೀರ್‌ಪೇಟೆಯಲ್ಲಿ ಹೇಳಿದ್ದರೋ ಇಲ್ಲವೋ, ಅವ್ವ ಫೀಸಿಲ್ಲದೆ ಹೇಳಿದಳು.

ಮನೆಯೊಳಗಿನ ಭದ್ರತೆ ಒಟ್ಟಾರೆ ಹೀಗಿದೆ: ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಸೈಬರಣ್ಣ ಕರಿ ಟೇಪು ಅಂಟಿಸಿದ್ದಾನೆ. ಅವನ ಅಪ್ಪ ಹೊಲದ ಬದುವಿನ ಮೇಲೆ ನಿಂತು, ನಾಲ್ಕು ಹೊಲದಾಚೆಗೂ ಕೇಳುವಂತೆ, ಫೋನಿನಲ್ಲಿ ಒಟಿಪಿ ಕೂಗುತ್ತಾನೆ.

ಊರಿಗೆ ಇವನ ವಿದ್ಯೆ ಏನೆಂದು ಇನ್ನೂ ತಿಳಿದಿಲ್ಲ. ಕಂಪ್ಯೂಟರ್ ಇದ್ದವನು ಪಹಣಿ ತೆಗೆದುಕೊಡಬೇಕು, ಜಾತಿ-ಆದಾಯದ ಅರ್ಜಿ ಹಾಕಬೇಕು ಎಂಬುದು ಸರ್ವಸಮ್ಮತ ನಂಬಿಕೆ. ಹೆಣ್ಣಿನ ಕಡೆಯವರು ಬಂದಾಗ "ಹುಡುಗ ಸೈಬರ್‌ನ್ಯಾಗ ಅದಾನ" ಎಂದರೆ "ಝೆರಾಕ್ಸ್ ಮಿಷನ್ ಸ್ವಂತದ್ದೇನ್ರಿ?" ಎಂದು ಕೇಳಿದರಂತೆ. ಇನ್ನು ಕೆಲವರು ಕತ್ತಲಾದ ಮೇಲೆ ಬರುತ್ತಾರೆ. ಒಬ್ಬನಿಗೆ ಹತ್ತನೇ ತರಗತಿಯ ಗಣಿತದ ಅಂಕ ಏರಿಸಬೇಕು, ಇನ್ನೊಬ್ಬನಿಗೆ ಯಾರದೋ ವಾಟ್ಸ್ಆ್ಯಪ್ ಓದಬೇಕು. ಆಗ ಸೈಬರಣ್ಣ ಟೊಪ್ಪಿಗೆ ಹಿಂದೆ ಸರಿಸಿ, ಮಾಹಿತಿ ತಂತ್ರಜ್ಞಾನ ಕಾಯ್ದೆ 2000, ಕಲಂ 66, ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಎಂದು ಒಂದೇ ಉಸಿರಿನಲ್ಲಿ ಒದರುತ್ತಾನೆ. ಧಾರವಾಡದ ಬಾಯಿಪಾಠ ಇಲ್ಲಿ ಕೆಲಸಕ್ಕೆ ಬಂತು.

"ಐದು ಲಕ್ಷ ಇದ್ದಿದ್ರ ನಿನ್ನ ಹತ್ರ ಯಾಕ ಬರ್ತಿದ್ದೆ ಮಾರಾಯಾ" ಎಂದು ಬಂದವನು ಎದ್ದು ಹೋಗುತ್ತಾನೆ.

2024ರ ಆಗಸ್ಟಿನಲ್ಲಿ ರಾಜ್ಯ ಸರಕಾರ ಸೈಬರ್ ಭದ್ರತಾ ನೀತಿ ಹೊರತಂದಿತು. ಅದೇ ತಿಂಗಳ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನು ಕಡಿದುಕೊಂಡು ಕೊಚ್ಚಿಹೋಯಿತು. ಎಡದಂಡೆ ಕಾಲುವೆಯ ನೀರು ನೆಚ್ಚಿ ಭತ್ತ ಹಚ್ಚುವ ಸಿಂಧನೂರು ತಾಲೂಕು ಅಷ್ಟೂ ಗೇಟಿನ ಚಿಂತೆಯಲ್ಲಿ ಊಟ ಬಿಟ್ಟಿದ್ದಾಗ ನೀತಿ ಓದಿದವನು ಇವನೊಬ್ಬನೇ. ಹೋಟೆಲಿನಲ್ಲಿ ಒಗ್ಗರಣೆ-ಮಿರ್ಚಿ ಮುಂದಿಟ್ಟುಕೊಂಡು ಕಾಕಾನೊಬ್ಬನಿಗೆ ತನ್ನ ಕಸುಬು ತಿಳಿಸಲು ಅದೇ ಸಮಯ ನೋಡಿ ಕೂತ.

"ಕಾಕಾ, ಡ್ಯಾಮಿಗೆ ಮೂವತ್ಮೂರು ಗೇಟು ಅದಾವು. ಮೂವತ್ತೆರಡು ಗಟ್ಟಿ ಅದಾವ ಅಂತ ಸುಮ್ಮನಿದ್ರ ಏನಾತು? ಒಂದು ಚೈನು ಕಡೀತು, ನೀರು ಹೋತು. ಕಂಪನಿ ಕಂಪ್ಯೂಟರ್‌ಗೂ ಹಂಗ ಗೇಟು ಇರ್ತಾವು. ಅವನ್ನ ಕಾಯೋ ಕೆಲಸ ನಂದು."

ಕಾಕಾ ಮಿರ್ಚಿ ಕಡಿಯುತ್ತ ಯೋಚಿಸಿದ. "ಗೇಟು ಕೂಡ್ರಸಾಕ ಕನ್ನಯ್ಯ ನಾಯ್ಡು ಬಂದ್ರು ನೋಡು. ವಯಸ್ಸಾದ ಮನುಷ್ಯಾ. ಜೀವಮಾನೆಲ್ಲಾ ಗೇಟಿನ ಕೆಲಸ ಮಾಡಿದವ್ರು. ಹರಿಯೋ ನೀರಾಗ ತಾತ್ಕಾಲಿಕ ಗೇಟು ಇಳಿಸಿದ್ರು. ನೀ ಎಷ್ಟು ಗೇಟು ಕೂಡ್ರಿಸೀದಿ?"

ಸೈಬರಣ್ಣ ಚಹಾ ಹೇಳಿದ.

ಕಾಕಾ ಕೇಳಿದ್ದನ್ನೇ ಇಂಟರ್‌ವ್ಯೂದವರೂ ಕೇಳುತ್ತಾರೆ. ಈ ಕಸುಬಿನಲ್ಲಿ ಹೆಸರಾದ ಸಿಐಎಸ್‌ಎಸ್‌ಪಿ ಎಂಬ ಪ್ರಮಾಣಪತ್ರಕ್ಕೆ ಪರೀಕ್ಷೆ ಪಾಸಾದರೆ ಸಾಲದು, ಸಾಮಾನ್ಯವಾಗಿ ಐದು ವರ್ಷದ ಅನುಭವ ತೋರಿಸಬೇಕು. ಅನುಭವ ಬೇಕೆಂದರೆ ನೌಕರಿ ಬೇಕು, ನೌಕರಿಗೆ ಅನುಭವ ಬೇಕು. ಇದಕ್ಕಿಂತ ಗಟ್ಟಿಯಾದ ಫೈರ್‌ವಾಲ್ ಇನ್ನೂ ಯಾರೂ ಕಟ್ಟಿಲ್ಲ. ಇಂಟರ್‌ವ್ಯೂಗೆ ಕರೆದ ಒಬ್ಬರು ಹ್ಯಾಕಿಂಗ್ ಬಗ್ಗೆ ಕೇಳಲೇ ಇಲ್ಲ. ಬ್ರೌಸರಿನಲ್ಲಿ ಒಂದು ವಿಳಾಸ ಹೊಡೆದು ಎಂಟರ್ ಒತ್ತಿದರೆ ಏನೇನಾಗುತ್ತದೆ ಹೇಳು ಎಂದರು. ಸೈಬರಣ್ಣ "ಪೇಜು ತೆರೀತೈತಿ ಸರ್" ಎಂದ. ಡಿಎನ್‌ಎಸ್, ಟಿಸಿಪಿ, ಪೋರ್ಟು ಎಂಬ ನೆಟ್‌ವರ್ಕಿನ ಬೇಸರದ ಪಾಠಗಳನ್ನು ಹಾರಿಸಿ ನೇರ ಹ್ಯಾಕಿಂಗ್ ಪಾಠಕ್ಕೆ ಹೋದವರ ಗತಿ ಎಲ್ಲ ಕಡೆ ಇದೇ. ಒಳಗೆ ಹೋದರೂ ಮೊದಲ ಮೆಟ್ಟಿಲಿನಲ್ಲಿ ಸಿಗುವುದು ಸಾಕ್ ಅನಲಿಸ್ಟ್ ಎಂಬ ಹುದ್ದೆ. ರಾತ್ರಿಪಾಳಿಯಲ್ಲಿ ಪರದೆ ಮುಂದೆ ಕೂತು, ಮೇಲಿಂದ ಮೇಲೆ ಬರುವ ಎಚ್ಚರಿಕೆಗಳಲ್ಲಿ ಸುಳ್ಳು ಯಾವುದು, ನಿಜ ಯಾವುದು ಎಂದು ಹೆಕ್ಕಿ ಟಿಕೆಟ್ ಬರೆಯುವುದು. ಹೂಡಿ ಅಲ್ಲಿ ಬೇಕೇ ಬೇಕು, ಏಕೆಂದರೆ ಏಸಿ ಜೋರಿರುತ್ತದೆ.

ಇಷ್ಟೆಲ್ಲ ನಕ್ಕ ಮೇಲೆ ಒಂದು ದಿನದ ಸಂಗತಿ ಹೇಳದಿದ್ದರೆ ತಪ್ಪಾಗುತ್ತದೆ. ಓಣಿಯ ಚಿಗವ್ವನೊಬ್ಬಳ ವಾಟ್ಸ್ಆ್ಯಪಿಗೆ ಮದುವೆ ಕಾರ್ಡು ಎಂದು, ಫೋನಿನಲ್ಲಿ ಆ್ಯಪ್ ಕೂಡ್ರಿಸುವ ಎಪಿಕೆ ಫೈಲು ಬಂತು. ನಮ್ಮಲ್ಲಿ ಮದುವೆ ಕಾರ್ಡು ತೆರೆಯದಿದ್ದರೆ ಬೀಗರು ಮುನಿಯುತ್ತಾರೆ, ತೆರೆದಳು. ಸ್ವಲ್ಪ ಹೊತ್ತಿಗೆ ಖಾತೆಯಿಂದ ರೊಕ್ಕ ಹೋಗತೊಡಗಿತು. ಸೈಬರಣ್ಣ ಚಪ್ಪಲಿಯಿಲ್ಲದೆ ಓಡಿ ಬಂದ. ಕಾಲಿ ಲಿನಕ್ಸ್ ತೆಗೆಯಲಿಲ್ಲ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿದ, ತನ್ನ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹಚ್ಚಿದ, ಖಾತೆ ಬಂದ್ ಮಾಡಿಸಿದ, ವ್ಯವಹಾರದ ನಂಬರುಗಳನ್ನೆಲ್ಲ ಬರೆದುಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿದ. ತಡಮಾಡಿದ್ದರೆ ರೊಕ್ಕ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ ನಗದಾಗಿ ಹೋಗುತ್ತಿತ್ತು. ಅವಸರ ಮಾಡಿದ್ದಕ್ಕೆ ಒಂದಿಷ್ಟು ನಡುದಾರಿಯಲ್ಲೇ ತಡೆಹಿಡಿಯಲ್ಪಟ್ಟಿತು. ಅವತ್ತು ಅವನ ಮೈಮೇಲೆ ಹೂಡಿ ಇರಲಿಲ್ಲ, ಬನಿಯನ್ ಇತ್ತು.

"ಇದನ್ನ ಕಲಿಯಾಕ ಅಷ್ಟು ಫೀಸು ಕಟ್ಟಿದ್ಯಾ?" ಅಂದ ಅಪ್ಪ. ದನಿಯಲ್ಲಿ ಕೊಂಕು ಎಂದಿನಷ್ಟಿರಲಿಲ್ಲ.

ಕಳೆದ ತಿಂಗಳು ಹೈದರಾಬಾದಿನ ಕಂಪನಿಯೊಂದರ ಹೆಲ್ಪ್‌ಡೆಸ್ಕಿನಲ್ಲಿ ಕೆಲಸ ಸಿಕ್ಕಿದೆ. ಪಾಸ್‌ವರ್ಡ್ ಮರೆತವರಿಗೆ ಹೊಸ ಪಾಸ್‌ವರ್ಡ್ ಮಾಡಿಕೊಡುವುದು, ಅದೂ ರಾತ್ರಿಪಾಳಿ. ಇದಕ್ಕಾಗಿ ಹ್ಯಾಕಿಂಗ್ ಕಲಿತೆಯಾ ಎಂದು ಊರು ನಗುತ್ತಿದೆ. ನಗುವವರಿಗೆ ಗೊತ್ತಿಲ್ಲ, ಈ ಕಸುಬಿನೊಳಗೆ ಹೋದ ಬಹಳ ಮಂದಿ ಹೋದದ್ದು ಇದೇ ಬಾಗಿಲಿನಿಂದ. ಡಿಎನ್‌ಎಸ್ ಎಂದರೇನೆಂದು ಈಗ ಅವನಿಗೆ ಬರುತ್ತದೆ, ಯಾಕೆಂದರೆ ಅದು ಕೆಟ್ಟಾಗ ಬೈಸಿಕೊಳ್ಳುವವನು ಇವನೇ.

ನಿಮ್ಮ ಊರಿನಲ್ಲೂ ಇಂಥವನೊಬ್ಬ ಇರುತ್ತಾನೆ. ಲಿಂಕ್ ಒತ್ತುವ ಮೊದಲು ಅವನನ್ನು ಕೇಳಿ. ಒತ್ತಿ ಆಗಿದ್ದರೆ ಮೊದಲು 1930ಕ್ಕೆ ಫೋನ್ ಹಚ್ಚಿ, ಆಮೇಲೆ ಅವನನ್ನು ಕರೆಯಿರಿ. ಮಿರ್ಚಿಯ ರೊಕ್ಕ ನೀವೇ ಕೊಡಬೇಕು, ಅವನಿಗೆ ಇನ್ನೂ ಮೊದಲ ಪಗಾರ ಬಂದಿಲ್ಲ.