ಗಾಯಕ ಸೀಮೋಲ್ಲಂಘನ ಮೀಮಾಂಸೆ

ಸೂತ್ರ: ಪೇಟಿ ಹೊತ್ತವಂ ಶಂಕ್ಯಂ.

ಭಾಷ್ಯ: ಪೇಟಿ ಎಂದರೆ ಹಾರ್ಮೋನಿಯಂ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಅದಕ್ಕೆ ಬೇರೆ ಹೆಸರಿಲ್ಲ. ನುಡಿಸುವವರು ಪೇಟಿ ಮಾಸ್ತರು. ಶಂಕ್ಯಂ ಎಂದರೆ ಅನುಮಾನಕ್ಕೆ ಯೋಗ್ಯನಾದವನು. ಯಾರ ಅನುಮಾನಕ್ಕೆ ಎಂದು ಸೂತ್ರಕಾರ ಹೇಳಿಲ್ಲ; ಗಡಿಯಲ್ಲಿ ಕುರ್ಚಿ ಹಾಕಿಕೊಂಡು ಕೂತವರ ಎಂದು ನಾವೇ ತುಂಬಿಕೊಳ್ಳಬೇಕು. ಸೂತ್ರಕಾರನೂ ಭಾಷ್ಯಕಾರನೂ ನಾನೇ ಆದ್ದರಿಂದ ಈ ಶಾಸ್ತ್ರದಲ್ಲಿ ಭಿನ್ನಮತಕ್ಕೆ ಜಾಗವಿಲ್ಲ.

ನಮ್ಮ ಗಂಗಾವತಿ ತಾಲ್ಲೂಕಿನಿಂದ ಹೊರದೇಶಕ್ಕೆ ಹೋಗಿ ಕಾರ್ಯಕ್ರಮ ಕೊಟ್ಟ ಮೊದಲ ಸ್ವತಂತ್ರ ಕಲಾವಿದ ಹನುಮಂತ. ಹುಟ್ಟಿದ್ದು ಆನೆಗೊಂದಿ ಪಕ್ಕದ ಅಂಜನಾದ್ರಿಯಲ್ಲಿ. ಜನ ದಿನಾ 575 ಮೆಟ್ಟಿಲು ಹತ್ತಿ ಇದಕ್ಕೆ ಸಾಕ್ಷಿ ಹೇಳಿ ಇಳಿಯುತ್ತಾರೆ. 2021ರಲ್ಲಿ ತಿರುಪತಿಯವರು ಹುಟ್ಟಿದ್ದು ತಮ್ಮ ಬೆಟ್ಟದಲ್ಲಿ ಎಂದು ತಕರಾರು ತೆಗೆದರು. ಅಂದರೆ ಇವತ್ತಾಗಿದ್ದರೆ ಅವನ ಪಾಸ್‌ಪೋರ್ಟ್ ಅರ್ಜಿ ಜನ್ಮಸ್ಥಳದ ಕಾಲಮ್ಮಿನಲ್ಲೇ ಬಿದ್ದುಹೋಗುತ್ತಿತ್ತು. ಅವನು ಹಾಡುಗಾರನೇ ಎಂಬ ಶಂಕೆ ಬೇಡ. ರಾಗ–ರಾಗಿಣಿಗಳ ವಿಂಗಡಣೆಯಲ್ಲಿ ಹನುಮನ್ಮತ ಎಂಬ ಪಂಥವೇ ಇದೆ.

ಲಂಕೆಯ ದಾರಿಯಲ್ಲಿ ಅವನಿಗೆ ಎದುರಾದ ತಪಾಸಣಾ ಕೇಂದ್ರಗಳು ಮೂರು. ತನ್ನ ಬಾಯಿ ಹೊಕ್ಕೇ ಮುಂದೆ ಹೋಗಬೇಕೆಂದು ಸುರಸೆ ಬಾಯಿ ತೆರೆದಳು; ಇವನು ಬೆಳೆದಷ್ಟೂ ಅವಳ ಬಾಯಿ ಅಗಲವಾಯಿತು. ಕೊನೆಗೆ ಹೆಬ್ಬೆರಳಷ್ಟಾಗಿ ಒಳಹೊಕ್ಕು ಹೊರಬಂದ. ನಿಯಮವೂ ಪಾಲನೆಯಾಯಿತು, ಜೀವವೂ ಉಳಿಯಿತು. ಆಮೇಲೆ ಸಿಂಹಿಕೆ ನೆರಳು ಹಿಡಿದು ಎಳೆದಳು. ಇದನ್ನು ಈಗ ಬಯೋಮೆಟ್ರಿಕ್ ಎನ್ನುತ್ತಾರೆ. ಮೂರನೆಯವಳು ಲಂಕೆಯ ಬಾಗಿಲಿನ ಲಂಕಿಣಿ, ಅವಳ ವಿಚಾರ ಬೇಡ. ಎಲ್ಲ ದಾಟಿ ಶಿಂಶಪಾ ಮರ ಹತ್ತಿ ಕೂತ ಮೇಲೂ ಯಾವ ಭಾಷೆಯಲ್ಲಿ ಬಾಯಿಬಿಡಲಿ ಎಂಬ ಚಿಂತೆ. ಸಂಸ್ಕೃತದಲ್ಲಿ ಶುರುಮಾಡಿದರೆ ರಾವಣನೇ ಬಂದನೆಂದು ಸೀತೆ ಹೆದರಿಯಾಳು. ಭಾಷಾ ಪರೀಕ್ಷೆಯ ಇತಿಹಾಸ ಇಲ್ಲಿಂದ ಶುರುವಾಗುತ್ತದೆ. ಕೊನೆಗೆ ರಾಮಕಥೆ ಹೇಳಿದ. ಶ್ರೋತೃ ಒಬ್ಬಳೇ. ಸಂಭಾವನೆಯಾಗಿ ಸಿಕ್ಕ ಚೂಡಾಮಣಿಯನ್ನೂ ಊರಿಗೆ ತಂದು ಇನ್ನೊಬ್ಬರಿಗೆ ಕೊಡಬೇಕಾಯಿತು.

ಆಮೇಲಿನ ಯುಗಗಳನ್ನು ಬಿಟ್ಟು ನಿಜಾಮರ ಕಾಲಕ್ಕೆ ಬರೋಣ. ಆಗ ಗಡಿ ಎಂದರೆ ತುಂಗಭದ್ರೆ. ಈ ದಂಡೆಯ ಆನೆಗೊಂದಿ ಹೈದರಾಬಾದ್ ಸಂಸ್ಥಾನದ್ದು, ಎದುರಿಗೆ ಕಾಣುವ ಹಂಪಿ ಮದ್ರಾಸ್ ಪ್ರಾಂತ್ಯದ್ದು. ಹರಿಗೋಲಿನಲ್ಲಿ ಕೂತ ಭಜನೆಯವನು ಒಂದು ತತ್ವಪದ ಮುಗಿಯುವುದರೊಳಗೆ ಹೊರದೇಶ ತಲುಪುತ್ತಿದ್ದ. ಪಲ್ಲವಿ ನಿಜಾಮರಿಗೆ, ಮಂಗಳ ಇಂಗ್ಲಿಷರಿಗೆ. ತೊಡಕಿದ್ದದ್ದು ಹಾಡಿಗೆ ಬೀಳುವ ಆಯೇರಿಯಲ್ಲಿ. ಈ ಕಡೆ ನಿಜಾಮರ ಹಾಲಿ ಸಿಕ್ಕಾ, ಆ ಕಡೆ ಇಂಗ್ಲಿಷರ ಕಲ್ದಾರ; ನೂರು ಕಲ್ದಾರಕ್ಕೆ ಸುಮಾರು 116 ಹಾಲಿ. ಅದೇ ಹಾಡಿಗೆ ಅದೇ ಒಂದು ರೂಪಾಯಿ ಸಿಕ್ಕರೂ ಆ ದಂಡೆಯ ರೂಪಾಯಿಯ ತೂಕ ಹೆಚ್ಚು. ಕಲಾವಿದರಿಗೆ ಹೊರದೇಶದ ಹುಚ್ಚು ಹತ್ತಿದ್ದು ಹೀಗೆ ಎಂಬುದು ನಮ್ಮ ಸಿದ್ಧಾಂತ. ಸರಕಿಗೆ ಸುಂಕ ವಸೂಲಿಮಾಡುವ ಕರೋಡಗಿರಿ ಇಲಾಖೆಯೂ ಇತ್ತು; ಗಂಟಲು ಸರಕಲ್ಲದ್ದರಿಂದ ಉಳಿಯಿತು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಹೋಯಿತು, 1956ರ ನವೆಂಬರ್ 1ಕ್ಕೆ ಎರಡೂ ದಂಡೆ ಒಂದೇ ರಾಜ್ಯವಾದವು. ಗಡಿ ಮಾತ್ರ ನಾಶವಾಗಲಿಲ್ಲ, ದೂರಕ್ಕೆ ಸರಿಯಿತು.

ಈಗಿನದು ಸುರಸಾ ಯುಗವೇ. ಅಮೆರಿಕದಲ್ಲಿ ಹಾಡಲು ಪಿ-3 ಎಂಬ ವೀಸಾ ಇದೆ, ಸಾಂಸ್ಕೃತಿಕವಾಗಿ ವಿಶಿಷ್ಟರಾದವರಿಗೆ. ವಿಶಿಷ್ಟ ಎಂದು ತಾನೇ ಹೇಳಿಕೊಂಡರೆ ಸಾಲದು, ಬಲ್ಲವರ ಪತ್ರ ಬೇಕು. ಅರ್ಜಿಯನ್ನೂ ಕಲಾವಿದ ಹಾಕುವಂತಿಲ್ಲ, ಅಲ್ಲಿನವರೇ ಹಾಕಬೇಕು. ಆ ಅರ್ಜಿಯ ಶುಲ್ಕ 460 ಡಾಲರ್ ಇದ್ದದ್ದು 2024ರ ಏಪ್ರಿಲ್ 1ರಿಂದ, ಎಲ್ಲ ಸೇರಿ, 1,615 ಡಾಲರ್ ಆಯಿತು. ಸಣ್ಣ ಸಂಘಗಳಿಗೆ ರಿಯಾಯಿತಿ ಉಂಟು. ಏಪ್ರಿಲ್ 1 ಎಂಬ ತಾರೀಖು ನಮ್ಮ ಕಲ್ಪನೆಯಲ್ಲ.

ತಬಲಾದ್ದು ಬೇರೆ ಕತೆ. ಅದರ ಬಲಗೈ ಭಾಗವಾದ ದಾಯಾ ಹೆಚ್ಚಾಗಿ ಶೀಶಂ ಕಟ್ಟಿಗೆಯದು. ಬೀಟೆ, ಶೀಶಂಗಳ ಇಡೀ ಕುಲವನ್ನು 2017ರ ಜನವರಿ 2ರಿಂದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಗೆ ಸೇರಿಸಿದರು. ತಯಾರಾದ ವಾದ್ಯಗಳಿಗೆ ಪೂರ್ಣ ವಿನಾಯಿತಿ ಬಂದದ್ದು 2019ರ ನವೆಂಬರ್‌ನಲ್ಲಿ. ನಡುವಿನ ಸುಮಾರು ಮೂರು ವರ್ಷ ಮಾರಾಟಕ್ಕೆ ಹೊರಟ ತಬಲಾ ಗಡಿಯಲ್ಲಿ ವಾದ್ಯಕ್ಕಿಂತ ಹೆಚ್ಚಾಗಿ ಮರವಾಗಿತ್ತು. ಹನುಮಂತ ಕೂತಿದ್ದ ಶಿಂಶಪಾ ಕೂಡ ಈ ಶೀಶಮ್ಮೇ ಎನ್ನುತ್ತಾರೆ. ಅವನು ಒಂದು ಟೊಂಗೆಯನ್ನೂ ತರದೆ ಬಂದದ್ದು ಅವನ ದೂರದೃಷ್ಟಿ.

ಇನ್ನು ಕೊಲ್ಲಿ ದೇಶಗಳು. ಹತ್ತನೇ ಇಯತ್ತೆ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ವಲಸೆ ತಪಾಸಣೆ ಅಗತ್ಯ ಎಂಬ ಮಾತು ಇರುತ್ತದೆ. ಕೆಲಸಕ್ಕೆಂದು ಹೊರಟರೆ ಬೇರೆ ಅನುಮತಿ ಬೇಕು. ರಾತ್ರಿಯಿಡೀ ಪುಸ್ತಕ ನೋಡದೆ ಹಾಡುವವನಿಗೆ ಅಂಕಪಟ್ಟಿ ಎಲ್ಲಿಂದ ಬರಬೇಕು?

ಪೂರ್ವಪಕ್ಷ: ಹಾಗಾದರೆ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರು ತೊಗಲುಗೊಂಬೆ ಕಟ್ಟಿಕೊಂಡು ದೇಶದೇಶ ಸುತ್ತಿ ಬಂದರಲ್ಲ?

ಸಿದ್ಧಾಂತ: ಬಂದರು. ಪದ್ಮಶ್ರೀ ಘೋಷಣೆಯಾದದ್ದು 2025ರಲ್ಲಿ, ಅವರಿಗೆ 96 ಆದ ಮೇಲೆ. ಇಲ್ಲಿ ಮಾತ್ರ ಶಾಸ್ತ್ರಕಾರ ಪಗಡಿ ತೆಗೆದು ಸುಮ್ಮನಾಗುತ್ತಾನೆ.

ಕೊನೆಗೆ ಸಂದರ್ಶನ ಪ್ರಕರಣ. ಕಿಟಕಿಯ ಈಚೆ ಒಬ್ಬ ಪೇಟಿ ಮಾಸ್ತರರು, ಆಚೆ ಒಬ್ಬ ಅಧಿಕಾರಿ, ನಡುವೆ ದುಭಾಷಿ. ಕಚೇರಿ ಯಾವುದು ಎಂಬುದು ಶಾಸ್ತ್ರಕ್ಕೆ ಅಪ್ರಸ್ತುತ.

"ಏನು ಕೆಲಸ ಮಾಡ್ತೀರಿ?"

"ಹಾಡ್ತೀನ್ರಿ."

"ಅದು ಸರಿ. ಕೆಲಸ?"

"ಅದ ರೀ, ಹಾಡೂದು."

"ಆರು ತಿಂಗಳ ಬ್ಯಾಂಕ್ ಲೆಕ್ಕ ತೋರಿಸಿ."

ಮಾಸ್ತರರು ಪಾಸ್‌ಬುಕ್ ಕೊಟ್ಟರು. ಅದರಲ್ಲಿದ್ದದ್ದು ಗ್ಯಾಸಿನ ಸಬ್ಸಿಡಿ. ಜಾತ್ರೆ, ಶಿವರಾತ್ರಿ, ಸತ್ತವರ ಮನೆಯ ಭಜನೆ, ಎಲ್ಲೆಡೆ ಗಳಿಕೆ ಹತ್ತು, ಇಪ್ಪತ್ತರ ನೋಟಾಗಿ ಪೇಟಿಯ ಮೇಲೆ ಬೀಳುತ್ತದೆ. ಬೆಳಗಾಗುವುದರೊಳಗೆ ಐದು ಪಾಲಾಗುತ್ತದೆ. ಅದಕ್ಕೆ ರಸೀದಿ ಇಲ್ಲ.

"ನೀವು ವಾಪಸ್ ಬರ್ತೀರಿ ಅನ್ನೋದಕ್ಕೆ ಏನು ಆಧಾರ?"

ಮಾಸ್ತರರಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು.

"ಅಮಾಸಿಗೆ ಮಠದಾಗ ಭಜನಿ ಐತಲ್ರಿ. ನಾ ಇಲ್ಲಂದ್ರ ಪೇಟಿ ಯಾರು ಹಿಡೀಬೇಕು?"

ದುಭಾಷಿ ಇದನ್ನು ಹೇಗೆ ದಾಟಿಸಿದನೋ. ಮಾಸ್ತರರು ಊರಿಗೆ ಬಂದರು, ಅಮಾಸಿಗಿಂತ ನಾಲ್ಕು ದಿನ ಮೊದಲೇ.

ಹನುಮಂತನೂ ಹೇಳಿದ ಮಾತಿನಂತೆ ಮರಳಿ ಬಂದವನೇ. ಬರುವಾಗ ಜೊತೆಯವರನ್ನು ಕಟ್ಟಿಕೊಂಡು ಸುಗ್ರೀವನ ಮಧುವನಕ್ಕೆ ನುಗ್ಗಿ ಜೇನು ಕುಡಿದು ತೋಟ ಹಾಳುಮಾಡಿದ. ಕಾವಲಿನ ದಧಿಮುಖ ಅಳುತ್ತ ದೂರು ಒಯ್ದ. ಸುಗ್ರೀವ ಕೇಳಿ ನಕ್ಕ. ಹೋದ ಕೆಲಸ ಆಯಿತೆಂದು ಅಷ್ಟರಲ್ಲೇ ತಿಳಿದುಕೊಂಡ. ರಸೀದಿ ಕೇಳಿದ್ದು ಯಾವ ರಾಮಾಯಣದಲ್ಲೂ ಇಲ್ಲ.