ವ್ಯಾಕ್ಯೂಮ್ ಕ್ಲೀನರ್ ಆಯುರ್ದಾಯ ನಿರ್ಣಯ

ಮನುಷ್ಯನ ಆಯುಷ್ಯ ಅಳೆಯಲು ನಮ್ಮ ಜ್ಯೋತಿಷಿಗಳು ಅಲ್ಪಾಯು, ಮಧ್ಯಾಯು, ಪೂರ್ಣಾಯು ಎಂದು ಮೂರು ಬಗೆ ಮಾಡಿ, ಮಾರಕಸ್ಥಾನಗಳನ್ನು ಗುರುತಿಸಿ, ಗ್ರಂಥದ ಮೇಲೆ ಗ್ರಂಥ ಬರೆದಿಟ್ಟು ಹೋಗಿದ್ದಾರೆ. ಧೂಳು ಹೀರುವ ಯಂತ್ರಕ್ಕೆ ಮಾತ್ರ ಈ ಉಪಕಾರವನ್ನು ಯಾರೂ ಮಾಡಲಿಲ್ಲ. ಅದು ಕೈಗೆ ಬಂದ ಗಳಿಗೆ ಬಿಲ್ಲಿನಲ್ಲಿ ನಿಮಿಷ ಸಮೇತ ಅಚ್ಚಾಗಿರುತ್ತದೆ. ಅಷ್ಟು ಖಚಿತವಾದ ಜನ್ಮಕಾಲ ಎಷ್ಟು ಮನುಷ್ಯರಿಗಿದೆ? ಆದರೂ ಜಾತಕ ಬರೆಯುವವರಿಲ್ಲ. ಆ ಕೊರತೆ ನೀಗಲೆಂದು ಈ ಕಿರುಶಾಸ್ತ್ರ.

ಶಾಸ್ತ್ರಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳುವುದು ಸಂಪ್ರದಾಯ. ವಿಷಯ, ಈ ಕಾಲದ ವ್ಯಾಕ್ಯೂಮ್ ಕ್ಲೀನರಿನ ಬಾಳಿಕೆ. ಪ್ರಯೋಜನ ಏನೂ ಇಲ್ಲ. ಸಂಬಂಧವೆಂಬುದು ಯಂತ್ರಕ್ಕೂ ಸರ್ವಿಸ್ ಸೆಂಟರಿಗೂ ಇರತಕ್ಕದ್ದು, ಇರುವುದಿಲ್ಲ. ಅಧಿಕಾರಿ ಯಾರೆಂದರೆ ವಾರಂಟಿ ಮುಗಿದ ಮರುವಾರ ಯಂತ್ರ ಕೈಕೊಟ್ಟು ಕುಳಿತವನು. ವಾರಂಟಿ ಇನ್ನೂ ಉಳಿದಿರುವವರು ಇದನ್ನು ಓದುವುದು ವ್ಯರ್ಥ, ಅವರಲ್ಲಿ ಬೇಕಾದಷ್ಟು ವೈರಾಗ್ಯ ಹುಟ್ಟಿರುವುದಿಲ್ಲ.

ಮೊದಲು ವಂಶಾವಳಿ. ಈ ಕುಲದ ಮೂಲಪುರುಷ ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್. ಗಾಳಿ ಊದಿ ಧೂಳು ಎಬ್ಬಿಸುವ ಯಂತ್ರವೊಂದನ್ನು ಲಂಡನ್ನಿನಲ್ಲಿ ನೋಡಿದ ಆತನಿಗೆ, ಊದುವ ಬದಲು ಹೀರಿದರೇನು ಎಂದು ಹೊಳೆಯಿತು. ಆತ ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರ ಹಾಸಿ, ಬಾಯಿಟ್ಟು ಜೋರಾಗಿ ಉಸಿರೆಳೆದ. ಕೆಮ್ಮು ಬಂತು, ಕರವಸ್ತ್ರದ ಅಡಿಯಲ್ಲಿ ಧೂಳೂ ಬಂತು. ಅಂದರೆ ಜಗತ್ತಿನ ಪ್ರಥಮ ವ್ಯಾಕ್ಯೂಮ್ ಕ್ಲೀನರು ಸ್ವತಃ ಬೂತ್. ಆ ಮಾದರಿ 1871ರಲ್ಲಿ ತಯಾರಾಗಿ 1955ರವರೆಗೆ ಬಾಳಿತು. ಅನಂತರ ಬಂದ ಯಾವ ಮಾದರಿಯೂ ಸತತ ಬಳಕೆಯಲ್ಲಿ ಆ ದಾಖಲೆ ಮುರಿದಂತಿಲ್ಲ. 1901ರಲ್ಲಿ ಆತ ಮಾಡಿದ ಯಂತ್ರ ಮನೆಯೊಳಗೆ ಹಿಡಿಸುವಂಥದ್ದಲ್ಲ. ಕುದುರೆ ಗಾಡಿಯ ಮೇಲೆ ಬೀದಿಯಲ್ಲಿ ನಿಂತು, ಕಿಟಕಿಯೊಳಗೆ ಪೈಪು ತೂರಿಸಿ ಧೂಳೆಳೆಯುತ್ತಿತ್ತು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಮುಂಚೆ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿಯನ್ನು ಶುದ್ಧಮಾಡಿದ್ದು ಇದೇ ವಂಶ. ಮುಂದೆ ಅಮೆರಿಕದ ಒಹಾಯೊದಲ್ಲಿ ಜೇಮ್ಸ್ ಸ್ಪ್ಯಾಂಗ್ಲರ್ ಎಂಬ ಕಸ ಗುಡಿಸುವ ಕೆಲಸಗಾರ, ಧೂಳಿಗೆ ಉಬ್ಬಸ ತಾಳಲಾರದೆ, ಫ್ಯಾನು, ಪೊರಕೆಯ ಹಿಡಿ, ದಿಂಬಿನ ಚೀಲ ಕೂಡಿಸಿ ಕೈಯಲ್ಲಿ ತಳ್ಳುವ ಯಂತ್ರ ಮಾಡಿ 1908ರಲ್ಲಿ ಪೇಟೆಂಟ್ ಪಡೆದ. ಅದನ್ನು ಕೊಂಡುಕೊಂಡ ಹೂವರ್ ಮನೆತನದವರು ಚರ್ಮದ ಸಾಮಾನಿನ ವ್ಯಾಪಾರಿಗಳು. ವಂಶಾವಳಿ ಇಷ್ಟು ಸಾಕು.

ಇನ್ನು ಪೂರ್ವಪಕ್ಷ. “ಹಳೆಯದೇ ಗಟ್ಟಿ, ಹೊಸದೆಲ್ಲ ಪೊಳ್ಳು” ಎಂಬುದು ಎದುರಾಳಿಗಳ ವಾದ. ನಮ್ಮ ಸೋದರಮಾವ ಈ ಮತದ ಪ್ರಧಾನ ಆಚಾರ್ಯರು. ಎಂಬತ್ತರ ದಶಕದಲ್ಲಿ ಯೂರೇಕಾ ಫೋರ್ಬ್ಸಿನ ಹುಡುಗರು ಟೈ ಕಟ್ಟಿಕೊಂಡು ಮನೆ ಮನೆಯ ಬಾಗಿಲು ತಟ್ಟುತ್ತಿದ್ದ ಕಾಲದಲ್ಲಿ ಅವರು ಒಂದನ್ನು ಕೊಂಡರು. ಸೇಲ್ಸ್‌ಮನ್ ಮನೆಯವರ ಕಣ್ಣೆದುರೇ ಹಾಸಿಗೆಯ ಮೇಲೆ ಯಂತ್ರ ಆಡಿಸಿ, ಬಿಳಿಬಟ್ಟೆಗೆ ಮೆತ್ತಿದ ಧೂಳು ತೋರಿಸಿ, ಇಷ್ಟು ವರ್ಷ ಇದರ ಮೇಲೆ ಮಲಗಿದ್ದಿರಾ ಎಂಬಂತೆ ಮುಖ ನೋಡಿದನಂತೆ. ಕೊಳ್ಳದೆ ಮರ್ಯಾದೆ ಉಳಿಯುವಂತಿರಲಿಲ್ಲ. “ನೋಡಯ್ಯಾ, ಇವತ್ತಿಗೂ ಗುಂಯ್ ಅನ್ನುತ್ತೆ. ನಿಮ್ಮ ಈಗಿನವು ಕೆಮ್ಮಿದರೆ ಬಿರುಕು ಬಿಡ್ತವೆ” ಎಂಬುದು ಮಾವನ ಭಾಷ್ಯ.

ಇದಕ್ಕೆ ಖಂಡನೆ ಸುಲಭ. ಅದೇ ವರ್ಷ ಅದೇ ಬೀದಿಯಲ್ಲಿ ಮಾರಾಟವಾದ ಉಳಿದ ಯಂತ್ರಗಳೆಲ್ಲಿ? ಕೆಟ್ಟವು ಗುಜರಿಗೆ ಹೋದವು, ಸಾಕ್ಷಿ ಹೇಳಲು ಬರುವುದಿಲ್ಲ. ಉಳಿದದ್ದೊಂದೇ ಪಂಚಾಯ್ತಿ ಕಟ್ಟೆಯಲ್ಲಿ ನಿಂತು ತನ್ನ ಕಾಲವೇ ಸತ್ಯಯುಗವೆಂದು ಹೇಳುತ್ತದೆ. ಆದರೆ ಮಾವನ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಏಕೆ ಎಂಬುದನ್ನು ಅಂಗರಚನೆ ಹೇಳಬೇಕು.

ವೈರಿರುವ ಯಂತ್ರದ ಹೃದಯ ಸಾಮಾನ್ಯವಾಗಿ ಯೂನಿವರ್ಸಲ್ ಮೋಟಾರು, ಅಂದರೆ ಮಿಕ್ಸಿಯ ಹೊಟ್ಟೆಯಲ್ಲಿರುವ ಜಾತಿಯದೇ. ಎರಡು ಕಾರ್ಬನ್ ತುಂಡುಗಳು ತಿರುಗುವ ತಾಮ್ರಕ್ಕೆ ಉಜ್ಜಿಕೊಂಡು ಕರೆಂಟು ಸಾಗಿಸುತ್ತವೆ, ಉಜ್ಜಿದಷ್ಟೂ ಸವೆಯುತ್ತವೆ. ಮಿಕ್ಸಿ ರಿಪೇರಿಯವರು “ಕಾರ್ಬನ್ ಹೋಗಿದೆ” ಎನ್ನುವುದು ಇದಕ್ಕೇ, ಬದಲಾಯಿಸಿದರೆ ಪುನರ್ಜನ್ಮ. ಒಣಧೂಳಿನ ಅನೇಕ ಯಂತ್ರಗಳಲ್ಲಿ ಹೀರಿದ ಗಾಳಿಯೇ ಮೋಟಾರನ್ನು ತಂಪಾಗಿಡಬೇಕು. ಚೀಲ ತುಂಬಿದರೆ, ರಂಗೋಲಿ ಪುಡಿಯೋ ಗೋಡೆ ಕೊರೆದ ಸಿಮೆಂಟಿನ ಪುಡಿಯೋ ಫಿಲ್ಟರಿನ ಕಣ್ಣು ಮುಚ್ಚಿದರೆ, ಗಾಳಿ ನಿಂತು ಮೋಟಾರು ಕಾಯುತ್ತದೆ. ವಿಚಿತ್ರವೆಂದರೆ ಆಗ ಸದ್ದು ಇಳಿಯುವುದಿಲ್ಲ, ಏರುತ್ತದೆ. ಸಾಗಿಸಲು ಗಾಳಿಯಿಲ್ಲದ ಫ್ಯಾನು ಹೊರೆ ತಗ್ಗಿ ಇನ್ನಷ್ಟು ಜೋರಾಗಿ ತಿರುಗುತ್ತದೆ. ಕೆಲಸ ಕಡಿಮೆಯಾದಂತೆ ಕೂಗು ಹೆಚ್ಚುವ ಈ ಲಕ್ಷಣ ಸರ್ಕಾರಿ ಕಚೇರಿಗಳ ಸಂಶೋಧಕರಿಗೂ ಉಪಯುಕ್ತ. ಮನೆಯವರು ಮಾತ್ರ ಅದನ್ನು ಹುರುಪೆಂದು ತಿಳಿದು ಇನ್ನೊಂದು ಕೋಣೆ ಮುಗಿಸಿಬಿಡೋಣ ಎನ್ನುತ್ತಾರೆ.

ಇಷ್ಟಾದರೂ ಮೋಟಾರು ಹೆಚ್ಚಿನ ಯಂತ್ರಗಳನ್ನು ಕೊಲ್ಲುವುದಿಲ್ಲ. ಜಾತಕದಲ್ಲಿ ಎರಡನೆಯ ಮತ್ತು ಏಳನೆಯ ಮನೆ ಮಾರಕಸ್ಥಾನ. ವ್ಯಾಕ್ಯೂಮ್ ಕ್ಲೀನರಿನಲ್ಲಿ ಹೋಸಿನ ಬುಡ ಮತ್ತು ಮುಚ್ಚಳದ ಕೊಂಡಿ. ಹೋಸು ಎಳೆದೆಡೆಗೆಲ್ಲ ಬಗ್ಗಿ ಬುಡದಲ್ಲಿ ಸೀಳುತ್ತದೆ. ಕೊಂಡಿ ತೆಳ್ಳನೆಯ ಪ್ಲಾಸ್ಟಿಕ್ಕಿನದು. ಪ್ರತಿ ಸಲ ಮುಚ್ಚಿದಾಗಲೂ ಒಂದಿಷ್ಟು ಬಾಗಬೇಕು, ಬಾಗಿ ಬಾಗಿ ದಣಿದು ಒಂದು ದಿನ ಟಕ್ಕೆನ್ನುತ್ತದೆ. ಮುಚ್ಚಳ ಕೂರದಿದ್ದರೆ ಗಾಳಿ ಅಲ್ಲಿಂದಲೇ ಒಳನುಗ್ಗಿ ಹೀರುವ ಶಕ್ತಿ ಸೊನ್ನೆ. ಆದ್ದರಿಂದ ನಮ್ಮ ಪ್ರಥಮ ಸೂತ್ರ: ಕ್ಷುದ್ರಾಂಗಾಧೀನಮಾಯುಃ. ಯಂತ್ರದ ಆಯುಷ್ಯ ಅದರ ಅತ್ಯಂತ ಅಗ್ಗದ ಅಂಗದ ಕೈಯಲ್ಲಿದೆ.

ಈ ಸೂತ್ರದ ಮೇಲೆ ವೇದಾಂತಿಗಳಲ್ಲಿ ಎರಡು ಪಂಗಡ. ವಾರಂಟಿ ಕಾರ್ಡು ಕಟ್ಟಾ ದ್ವೈತಿ. ಮೋಟಾರು ಬೇರೆ, ದೇಹ ಬೇರೆ. ಮೋಟಾರಿಗೆ ಹಲವು ವರ್ಷ ಅಭಯ, ದೇಹಕ್ಕೆ ಒಂದೇ ವರ್ಷ, ಹೋಸು, ಫಿಲ್ಟರು, ಬ್ರಷ್ಷುಗಳಿಗೆ ಅದೂ ಇಲ್ಲ. ಕಳಚಿ ಬೀಳುವ ದೇಹದೊಳಗೆ ನಾಶವಿಲ್ಲದ ಆತ್ಮವೊಂದಿದೆ ಎಂಬ ಸಮಾಧಾನ ಗಿರಾಕಿಗೆ. ಯಂತ್ರವನ್ನು ಕಟ್ಟಿದವನು ಇದಕ್ಕೆ ತದ್ವಿರುದ್ಧವಾಗಿ ಶುದ್ಧ ಅದ್ವೈತಿ. ತಿರುಪು ಬಿಟ್ಟು ಅಂಟು ಹಾಕಿದ್ದಾನೆ, ತಿರುಪು ಇದ್ದಲ್ಲಿ ಅದರ ತಲೆ ಯಾವ ಮನೆಯ ಸ್ಕ್ರೂಡ್ರೈವರಿಗೂ ಹೊಂದದಂತೆ ನಕ್ಷತ್ರ ಕೊರೆದಿದ್ದಾನೆ. ಅವನ ಪ್ರಕಾರ ಭಾಗ ಎಂಬುದೇ ಮಿಥ್ಯೆ, ಇರುವುದೆಲ್ಲ ಒಂದೇ, ಅಖಂಡ. ಹಾಗಾಗಿ ಕೊಂಡಿ ಮುರಿದರೆ ಇಡೀ ಬ್ರಹ್ಮಾಂಡವನ್ನು ಬದಲಾಯಿಸಬೇಕು. ಈ ಎರಡು ದರ್ಶನಗಳ ನಡುವೆ ಸಿಕ್ಕಿದ ಲೇಖಕ ಒಮ್ಮೆ ಸರ್ವಿಸ್ ಸೆಂಟರಿಗೆ ಮುರಿದ ಕೊಂಡಿಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಹೋಗಿದ್ದುಂಟು. ಹುಡುಗ ಅದನ್ನು ಮುಟ್ಟಲೂ ಇಲ್ಲ.

“ಬಾಡಿ ಅಸೆಂಬ್ಲಿ ಚೇಂಜ್ ಮಾಡ್ಬೇಕು ಸಾರ್.”

“ಸರಿ, ಮಾಡಿ.”

“ಆ ಮಾಡೆಲ್ ನಿಂತುಹೋಗಿದೆ ಸಾರ್.”

ಕಂಪನಿಯ ಹೆಸರು ಹೇಳುವುದು ಶಾಸ್ತ್ರಗೌರವಕ್ಕೆ ತಕ್ಕುದಲ್ಲ. ಆ ಮೋಟಾರು ಮಾತ್ರ ಆಗಲೂ ಚೆನ್ನಾಗಿತ್ತು.

ಬಿಡಿಭಾಗದ ಮಾತಿಗೆ ಸಾಹಿತ್ಯದ ಸಾಕ್ಷಿಯೂ ಉಂಟು. ಗ್ರಹಾಂ ಗ್ರೀನ್ 1958ರಲ್ಲಿ ಪ್ರಕಟಿಸಿದ ‘ಅವರ್ ಮ್ಯಾನ್ ಇನ್ ಹವಾನಾ’ ಕಾದಂಬರಿಯಲ್ಲಿ ವರ್ಮೋಲ್ಡ್ ಎಂಬ ವ್ಯಾಕ್ಯೂಮ್ ಕ್ಲೀನರ್ ವ್ಯಾಪಾರಿ, ಗೂಢಚಾರನ ಸಂಬಳ ಗಿಟ್ಟಿಸಲು, ಯಂತ್ರದ ಬಿಡಿಭಾಗಗಳ ಚಿತ್ರ ಬರೆದು ಇವು ಗುಪ್ತ ಅಸ್ತ್ರಗಳೆಂದು ಲಂಡನ್ನಿಗೆ ಕಳಿಸುತ್ತಾನೆ, ಮೇಲಧಿಕಾರಿಗಳು ನಂಬುತ್ತಾರೆ. ಇವತ್ತಿನ ವರ್ಮೋಲ್ಡನಿಗೆ ಆ ಭಾಗ್ಯವಿಲ್ಲ. ಬಿಡಿಭಾಗದ ಚಿತ್ರ ಬರೆಯಲು ಮೊದಲು ಯಂತ್ರ ಬಿಚ್ಚಬೇಕಲ್ಲ!

ಇಲ್ಲಿ ಪರದೇಶದ ಸ್ಮೃತಿಯೊಂದನ್ನು ಉದಾಹರಿಸಬೇಕು. ಯುರೋಪಿಯನ್ ಒಕ್ಕೂಟ 2013ರಲ್ಲಿ ಹೊರಡಿಸಿದ ನಿಯಮದಲ್ಲಿ ವ್ಯಾಕ್ಯೂಮ್ ಕ್ಲೀನರಿನ ವಿದ್ಯುತ್ ಬಳಕೆಗೆ 2014ರಿಂದ 1600 ವ್ಯಾಟ್, 2017ರಿಂದ 900 ವ್ಯಾಟಿನ ಮಿತಿ ಹಾಕಿದ್ದು ದೊಡ್ಡ ಸುದ್ದಿಯಾಯಿತು. ಬ್ರಿಟನ್ನಿನಲ್ಲಿ ಜನ ಗಡುವಿಗೆ ಮುಂಚೆ ಭಾರೀ ವ್ಯಾಟಿನವನ್ನು ಕೊಳ್ಳಲು ಅಂಗಡಿಗೆ ಓಡಿದರು. ಅದೇ ನಿಯಮದಲ್ಲಿ ಯಾರೂ ಅಷ್ಟಾಗಿ ಗಮನಿಸದ ಎರಡು ವಾಕ್ಯಗಳಿದ್ದವು: ಮೋಟಾರು ಕನಿಷ್ಠ 500 ಗಂಟೆ ಬಾಳಬೇಕು, ಹೋಸು 40,000 ಸಲ ಬಗ್ಗಿಸಿದ ಮೇಲೂ ಬಳಕೆಗೆ ಬರಬೇಕು. ಸ್ಮೃತಿಯೆಂದರೆ ಹೀಗೆ ಖಚಿತವಾಗಿರಬೇಕು. ವಾರಕ್ಕೊಂದು ಗಂಟೆ ಓಡಿಸುವ ಯುರೋಪಿನ ಮನೆಯಲ್ಲಿ 500 ಗಂಟೆಯೆಂದರೆ ಒಂಬತ್ತೂವರೆ ವರ್ಷ.

ಇದನ್ನು ನಮ್ಮ ಮನೆಗೆ ಅನ್ವಯಿಸಿದಾಗಲೇ ಶಾಸ್ತ್ರ ಗಹನವಾಗುವುದು. ಗ್ರಾನೈಟೋ ಮೊಸಾಯಿಕ್ಕೋ ಹಾಸಿದ ಮನೆಗೆ ಪೊರಕೆ ಮತ್ತು ಒದ್ದೆಬಟ್ಟೆ ಸಾಕು. ವ್ಯಾಕ್ಯೂಮ್ ಕ್ಲೀನರು ಅಟ್ಟದಿಂದ ಇಳಿಯುವುದು ದೀಪಾವಳಿಯ ಮುಂಚೆ ಒಂದು ಭಾನುವಾರ. ಆಯುಧಪೂಜೆಗೆ ಇಳಿದರೂ ಓಡಿಸುವುದಿಲ್ಲ, ಅರಿಸಿನ ಕುಂಕುಮ ಹಚ್ಚಿ ಹೂವಿಟ್ಟು ಮೇಲೇರಿಸುತ್ತಾರೆ. ವರ್ಷಕ್ಕೆ ಎರಡು ಗಂಟೆಯ ಲೆಕ್ಕ ಹಿಡಿದರೆ 500 ಗಂಟೆಯ ಮೋಟಾರು 250 ವರ್ಷ ಬರಬೇಕು. ಹೈದರಾಲಿಯ ಕಾಲದಲ್ಲಿ ಕೊಂಡದ್ದು ಈ ದೀಪಾವಳಿಗೂ ಸೋಫಾ ಕೆಳಗೆ ಹೋಗಬೇಕು. ದ್ವಿತೀಯ ಸೂತ್ರ: ಅನುಪಯೋಗಾದ್ದೀರ್ಘಾಯುಃ. ಮಾವನ ಯಂತ್ರದ ರಹಸ್ಯವೂ ಇದೇ ಎಂದು ಅತ್ತೆ ಅಡಿಗೆಮನೆಯಿಂದ ಸೂಚಿಸಿದ್ದಾರೆ.

ಈ ಸೂತ್ರಕ್ಕೆ ಪಶ್ಚಿಮದ ದೃಷ್ಟಾಂತವೂ ಉಂಟು. 1992ರಲ್ಲಿ ಹೂವರಿನ ಬ್ರಿಟಿಷ್ ಶಾಖೆ, 100 ಪೌಂಡಿನ ಸಾಮಾನು ಕೊಂಡವರಿಗೆ ಇಬ್ಬರ ವಿಮಾನದ ಟಿಕೆಟ್ಟು ಪುಕ್ಕಟೆ ಎಂದು ಸಾರಿತು, ಮೊದಲು ಯುರೋಪಿಗೆ, ಆಮೇಲೆ ಅಮೆರಿಕಕ್ಕೂ. ಜನ ಟಿಕೆಟ್ಟಿಗಾಗಿ ವ್ಯಾಕ್ಯೂಮ್ ಕ್ಲೀನರುಗಳನ್ನು ಕೊಂಡರು. ಕಂಪನಿಗೆ ಹತ್ತಿರ ಹತ್ತಿರ 5 ಕೋಟಿ ಪೌಂಡು ನಷ್ಟವಾಯಿತು. ಡಬ್ಬಿಯನ್ನೇ ಒಡೆಯದ ಯಂತ್ರಗಳು ಸೆಕೆಂಡ್‌ಹ್ಯಾಂಡ್ ಪೇಟೆಗೆ ಬಂದವು. ಬಾಳಿಕೆಯ ದೃಷ್ಟಿಯಿಂದ ಅವಕ್ಕಿಂತ ಉತ್ತಮ ಯಂತ್ರಗಳಿರಲಾರವು.

ಶಂಕೆ: ಹಾಗಾದರೆ ಹೊಸ ಯಂತ್ರವನ್ನೂ ಅಟ್ಟದಲ್ಲಿಟ್ಟರೆ ಚಿರಂಜೀವಿಯಾದೀತಲ್ಲ? ಸಮಾಧಾನ: ಆಗುವುದಿಲ್ಲ. ಆಧುನಿಕತೆಯ ನಿಜವಾದ ಹೊಸತನ ಇಲ್ಲಿದೆ. ಜೇಮ್ಸ್ ಡೈಸನ್ 5,127 ಮಾದರಿಗಳನ್ನು ಮಾಡಿ ನೋಡಿ ಚೀಲವಿಲ್ಲದ, ಸುಳಿಗಾಳಿಯಲ್ಲಿ ಧೂಳು ಬೇರ್ಪಡಿಸುವ ಯಂತ್ರ ತಂದ. ಮುಂದೆ ಅದೇ ಕಂಪನಿ ಕಾರ್ಬನ್ನೇ ಇಲ್ಲದ, ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಪುಟ್ಟ ಮೋಟಾರನ್ನೂ, ಅದನ್ನು ಓಡಿಸಲು ಲಿಥಿಯಂ ಬ್ಯಾಟರಿಯನ್ನೂ ಕೂಡಿಸಿತು. ಉಳಿದವರೂ ಆ ಹಾದಿ ಹಿಡಿದರು. ಸವೆಯುವ ಒಂದು ಅಂಗ ಹೋಗಿ ಸಾಯುವ ಒಂದು ಅಂಗ ಬಂತು. ಲಿಥಿಯಂ ಬ್ಯಾಟರಿ ಬಳಸಿದರೂ ಮುಪ್ಪಾಗುತ್ತದೆ, ಬಳಸದಿದ್ದರೂ ಮುಪ್ಪಾಗುತ್ತದೆ. ಪೂರ್ತಿ ಚಾರ್ಜು ಮಾಡಿ ಸೆಕೆಯಲ್ಲಿಟ್ಟರೆ ಇನ್ನೂ ಬೇಗ. ರಾಯಚೂರಿನ ಬೇಸಿಗೆಯಲ್ಲಿ ತಾರಸಿಯ ಅಡಿಯ ಅಟ್ಟದಲ್ಲಿ ಮಲಗಿದ ವೈರಿಲ್ಲದ ಯಂತ್ರ, ಧೂಳಿನ ಮುಖ ನೋಡದೆಯೇ ವೃದ್ಧಾಪ್ಯ ತಲುಪುತ್ತದೆ. ಹಳೆಯದು ದುಡಿದು ಸಾಯುತ್ತಿತ್ತು. ಹೊಸದಕ್ಕೆ ಆ ಕಷ್ಟವಿಲ್ಲ.

ರೋಬೋಗಳ ವಿಚಾರ ಹೆಚ್ಚು ಹೇಳುವಂಥದ್ದಲ್ಲ. ಮೆಟ್ಟಿಲಿನಿಂದ ಬೀಳದಿರಲೆಂದು ಅವುಗಳ ಹೊಟ್ಟೆಯಡಿ ಇನ್‌ಫ್ರಾರೆಡ್ ಬೆಳಕು ಬೀರುವ ಕಣ್ಣುಗಳಿವೆ. ಬೆಳಕು ಮರಳಿ ಬಾರದಿದ್ದರೆ ಅಲ್ಲಿ ಪ್ರಪಾತವೆಂದು ಅರ್ಥ. ಕಪ್ಪು ನೆಲ ಬೆಳಕನ್ನು ನುಂಗಿಕೊಂಡರೆ, ಹಗ್ಗದಲ್ಲಿ ಹಾವು ಕಂಡಂತೆ, ಅವಕ್ಕೆ ಕಡಪ ಕಲ್ಲಿನಲ್ಲಿ ಪಾತಾಳ ಕಾಣುತ್ತದೆ. ಹೊಸ್ತಿಲು ಎರಡು ಅಂಗುಲವಿದ್ದರೆ ಹೆಚ್ಚಿನವಕ್ಕೆ ದೇವರ ಕೋಣೆಗೆ ಪ್ರವೇಶವಿಲ್ಲ. ಅವುಗಳ ಮಾರಕಸ್ಥಾನ ಮನೆಯಲ್ಲಿರದೆ ಸಮುದ್ರದಾಚೆಯ ಸರ್ವರಿನಲ್ಲಿ ಇರುವುದೂ ಉಂಟು. ನೀಟೊ ಎಂಬ ರೋಬೋ ಕಂಪನಿ 2023ರಲ್ಲಿ ಬಾಗಿಲು ಹಾಕಿದಾಗ ಗಟ್ಟಿಮುಟ್ಟಾಗಿದ್ದ ಯಂತ್ರಗಳ ಯಜಮಾನರೂ ಆ್ಯಪಿನ ಭವಿಷ್ಯ ಕೇಳುತ್ತ ಕೂರಬೇಕಾಯಿತು.

ಇನ್ನು ಸಿದ್ಧಾಂತ. ಪ್ಲಾಸ್ಟಿಕ್ಕು ಅಪರಾಧಿಯಲ್ಲ, ಸರಿಯಾದ ದಪ್ಪದಲ್ಲಿ ಎರಕ ಹೊಯ್ದರೆ ಅದು ತಗಡಿಗಿಂತ ಹಗುರ, ತುಕ್ಕು ಹಿಡಿಯದು, ಪೆಟ್ಟು ತಾಳುತ್ತದೆ. ಈಗಿನ ಮೋಟಾರುಗಳೂ ಫಿಲ್ಟರುಗಳೂ ಮಾವನ ಯಂತ್ರದವಕ್ಕಿಂತ ನಿಸ್ಸಂಶಯವಾಗಿ ಮೇಲು. ಕೆಟ್ಟಿರುವುದು ಬಿಚ್ಚುವ ದಾರಿ ಮತ್ತು ಬಿಡಿಭಾಗದ ಸರಬರಾಜು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿಗೆಂದೇ ಪೋರ್ಟಲ್ ತೆರೆದಿದೆ, ಆದರೆ ಪೋರ್ಟಲಿನಿಂದ ಕೊಂಡಿ ಉದುರುವುದಿಲ್ಲ. ವೈರಿರುವ, ತಿರುಪಿನಿಂದ ಕಟ್ಟಿದ ಯಂತ್ರ ಮಧ್ಯಾಯು. ಅದರ ಹೋಸು ಪೇಟೆಯಲ್ಲಿ ಸಿಗುವಂತಿದ್ದರೆ ಪೂರ್ಣಾಯು. ಅಂಟು ಹಾಕಿದ, ಬ್ಯಾಟರಿ ಒಳಗೇ ಹುದುಗಿಸಿದ ಯಂತ್ರ ಎಷ್ಟು ಬೆಲೆಯದಾದರೂ ಅಲ್ಪಾಯು. ಶಾಂತಿಹೋಮ ವ್ಯರ್ಥ.

ಇಷ್ಟೆಲ್ಲ ಓದಿಯೂ ಕೊಳ್ಳಲು ಹೊರಟವರಲ್ಲಿ ಒಂದು ವಿನಂತಿ. ಅಂಗಡಿಯಲ್ಲಿ ವ್ಯಾಟು ಎಷ್ಟೆಂದು ಕೇಳಬೇಡಿ. ಅದು ಯಂತ್ರ ತಿನ್ನುವ ಕರೆಂಟಿನ ಲೆಕ್ಕ, ಹೀರುವ ಶಕ್ತಿಯದ್ದಲ್ಲ. ಯಂತ್ರವನ್ನು ಮಗುಚಿ ಹಾಕಿ, ತಿರುಪುಗಳಿವೆಯೇ ನೋಡಿ. ಮುಚ್ಚಳದ ಕೊಂಡಿಯನ್ನು ಹತ್ತಾರು ಸಲ ತೆಗೆದು ಹಾಕಿ, ಅಂಗಡಿಯವರು ಗುರಾಯಿಸಿದರೂ ಚಿಂತೆಯಿಲ್ಲ. ಹೋಸು, ಕೊಂಡಿ, ಬ್ಯಾಟರಿ ಬಿಡಿಯಾಗಿ ಸಿಗುತ್ತವೆಯೇ, ಎಷ್ಟು ವರ್ಷ ಸಿಗುತ್ತವೆ ಎಂದು ಕೇಳಿ. “ಅದೆಲ್ಲ ನಮಗೆ ಗೊತ್ತಿಲ್ಲ ಸಾರ್” ಎಂದರೆ ಯಂತ್ರವನ್ನು ನೆಟ್ಟಗೆ ನಿಲ್ಲಿಸಿ, ನಮಸ್ಕಾರ ಹೇಳಿ, ಹೊರಟು ಬನ್ನಿ.